ಮೂರು ಹನ್ನೊಂದನೇ ನಂಬರಿನ ಮನೆಗಳು

ಅತ್ತೆ ತಾವು ಆಡಿ ಬೆಳೆದ ಮನೆಯನ್ನು ಯಾರನ್ನೂ ಕೇಳದೆ ಹುಡುಕಿ ತೋರಿಸಿದರೆ ಅವರ ಅಡುಗೆಮನೆಯನ್ನು ನಾನು ಅವರಿಗೆ ವಾಪಸ್ಸು ಕೊಡಿಸಬೇಕು. ಹೀಗೆಂದು ನನಗೂ ಅವರಿಗೂ ಪಂಥವಾಗಿತ್ತು. ಅಡುಗೆಮನೆಯನ್ನು ಕಿತ್ತುಕೊಂಡವಳು ನಾನಲ್ಲ, ಅವರ ಮಗ. ಆದರೂ ಕೊಡಿಸುವ ಕೆಲಸ ನನ್ನ ತಲೆಗೇ ಬಂತು. ನಮ್ಮ ಮನೆಯಲ್ಲಿ ಅಮ್ಮ ಮಗ ನೇರವಾಗಿ ಜಗಳವಾಡುವುದಿಲ್ಲ. ಇಬ್ಬರೂ ನನ್ನ ಹತ್ತಿರ ಬಂದು ಆಡುತ್ತಾರೆ. ಮೂವತ್ತು ವರ್ಷದಿಂದ ನಾನು ಈ ಅಂಚೆ ಕಚೇರಿ ನಡೆಸುತ್ತಿದ್ದೇನೆ.

ನಡೆದದ್ದು ಇಷ್ಟು. ಅತ್ತೆಗೆ ಎಂಬತ್ತೆರಡು. ಒಂದೇ ತಿಂಗಳಲ್ಲಿ ಎರಡು ಸಲ ಒಲೆ ಮರೆತರು. ಮೊದಲ ಸಲ ಹಾಲಿನ ಪಾತ್ರೆ ಸೀದು ಕರಿಕಾಯಿತು, ಅಷ್ಟೇ. ಎರಡನೇ ಸಲ ಗ್ಯಾಸಿನ ನಾಬ್ ತೆರೆದೇ ಇತ್ತು, ಉರಿ ಇರಲಿಲ್ಲ. ವಾಸನೆ ಮೇಲಿನ ಮಹಡಿಗೆ ಹೋಗಿ, ಅಲ್ಲಿಯವರು ಓಡಿಬಂದು ಬೆಲ್ ಒತ್ತಿದಾಗ ಅತ್ತೆ ನಡುಮನೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಚೆನ್ನೈಯ ಕೀಲ್ಪಾಕ್‌ನಲ್ಲಿ ನಮ್ಮ ಮನೆಗೆ ಹತ್ತಿರವೇ ಇರುವ ಡಾಕ್ಟರು ಏನೇನೋ ಪ್ರಶ್ನೆ ಕೇಳಿ, ಮರೆವು ಶುರುವಾಗಿದೆ, ಇನ್ನು ಮೇಲೆ ಸ್ವಲ್ಪ ಹುಷಾರಾಗಿ ನೋಡಿಕೊಳ್ಳಿ ಎಂದರು.

ಆ ಸಂಜೆ ನಮ್ಮವರು, "ಅಮ್ಮಾ, ನಾಳೆಯಿಂದ ನೀನು ಒಲೆ ಹತ್ರ ಹೋಗ್ಬೇಡ" ಎಂದರು.

"ಸರಿ ಪಾ" ಎಂದರು ಅತ್ತೆ. ಮರುದಿನ ಬೆಳಗ್ಗೆ ಸ್ನಾನ ಮಾಡಿ, ಮಡಿಸೀರೆ ಉಟ್ಟು, ರೂಢಿಯಂತೆ ಅಡುಗೆಮನೆಯ ಹೊಸ್ತಿಲವರೆಗೆ ಬಂದರು. ಅಲ್ಲಿ ನೆನಪಾಗಿ, ತಿರುಗಿ ನಡುಮನೆಗೆ ಹೋಗಿ ಕೂತರು. ನಾನು ಕಾಫಿ ಸೋಸುತ್ತಾ ಅದನ್ನು ನೋಡಿದೆ.

ಹೊರಗಿನವರಿಗೆ ಇದೇನು ಮಹಾ ಅನ್ನಿಸಬಹುದು. ನಮ್ಮದು ಸಾಲಿಗ್ರಾಮವಿರುವ ಮನೆ. ಮಡಿಯಲ್ಲಿ ಬೇಯಿಸಿ ದೇವರಿಗೆ ನೈವೇದ್ಯವಾದ ಅನ್ನವನ್ನು ಮಾತ್ರ ಅತ್ತೆ ಉಣ್ಣುವುದು, ಅದನ್ನು ಅವರೇ ಬೇಯಿಸಬೇಕು. ನನ್ನ ಮಡಿಯ ಮೇಲೆ ಅವರಿಗೆ ಯಾವತ್ತೂ ಭರವಸೆ ಇಲ್ಲ. ನಾನು ಮೈಸೂರಿನ ಕಡೆಯವಳು, ಶಾಲೆಯಲ್ಲಿ ಪಾಠ ಹೇಳುವವಳು, ಸ್ನಾನ ಮುಗಿಸಿದವಳೇ ಫೋನ್ ಹಿಡಿಯುವವಳು. "ನಿಮ್ಮೂರ ಮಡಿ ಬಚ್ಚಲ ಬಾಗಿಲು ದಾಟಲ್ಲ" ಎಂದು ನನ್ನನ್ನು ಚುಡಾಯಿಸುತ್ತಿದ್ದರು. ಕಾಯಿ ತುರಿಯಲು, ತರಕಾರಿ ಹೆಚ್ಚಲು ನಾನು ಆಗುತ್ತಿದ್ದೆ. ನೈವೇದ್ಯದ ತಪ್ಪಲೆ ಮುಟ್ಟಲು ಆಗುತ್ತಿರಲಿಲ್ಲ. ಹೀಗಾಗಿ ಒಲೆ ತಪ್ಪಿದ ದಿನದಿಂದ ದೇವರಿಗೆ ಹಾಲು ಹಣ್ಣು, ಅತ್ತೆಗೆ ಮೊಸರವಲಕ್ಕಿ ಬಾಳೆಹಣ್ಣು. ಹದಿನೈದು ದಿನ ಹೀಗೇ ಕಳೆಯಿತು. ಕೈಬಳೆ ಮೊಣಕೈಗೆ ಜಾರತೊಡಗಿತು. ನಾನು ಎಷ್ಟು ಬೇಡಿಕೊಂಡರೂ "ಪಸಿ ಇಲ್ಲ ಕಣೆ" ಎಂದು ಹಸಿವನ್ನು ತಮಿಳಿನಲ್ಲೇ ಅಟ್ಟಿಬಿಡುತ್ತಿದ್ದರು.

ಆಗ ನನ್ನ ಮಗಳು ಫೋನಿನಲ್ಲಿ ಒಂದಷ್ಟು ಫೋಟೋ ತೋರಿಸಿದಳು. ದೊಡ್ಡ ಮರಗಳು, ಕೆಂಪು ಹೆಂಚಿನ ಮನೆಗಳು, ಗೋಡೆ ತುಂಬ ಬಣ್ಣಬಣ್ಣದ ಚಿತ್ರಗಳು. ಊರಿನ ಇನ್ನೊಂದು ಮಗ್ಗುಲಲ್ಲಿರುವ ಆ ಕಾಲೊನಿಯಲ್ಲಿ ಈಗ ಚಿತ್ರ ಬರೆಯುವವರು, ಮಣ್ಣಿನ ಕೆಲಸದವರು, ನೇಯುವವರು ಬಾಡಿಗೆಗೆ ಇದ್ದಾರಂತೆ. ಬರುವ ಭಾನುವಾರ ಎಲ್ಲರೂ ಬಾಗಿಲು ತೆರೆದಿಟ್ಟಿರುತ್ತಾರಂತೆ, ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದಂತೆ. ಅತ್ತೆ ಫೋನನ್ನು ಕಣ್ಣಿನ ಹತ್ತಿರ ಹಿಡಿದು, "ಇದು ನಮ್ಮ ಕಾಲೊನಿ" ಎಂದರು. "ಅಜ್ಜಿ, ನಿಜಮಾವಾ?" ಎಂದು ಮಗಳು ತಮಿಳಿನಲ್ಲಿ ಬಾಯಿಬಿಟ್ಟಳು.

ನಿಜವೇ. ಬಿಳಿಯರ ಕಾಲದಲ್ಲಿ ಯಾವುದೋ ಕಂಪನಿ ತನ್ನ ಸಾಹೇಬರಿಗಾಗಿ ಕಟ್ಟಿಸಿದ ಮನೆಗಳವು. ಸಾಹೇಬರು ಹಡಗು ಹತ್ತಿದ ಮೇಲೆ ಅವುಗಳಿಗೆ ನಮ್ಮ ಜನ ಬಂದರು. ಅತ್ತೆಯ ತಂದೆ ಆ ಕಂಪನಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಐದನೇ ವಯಸ್ಸಿನಿಂದ ಮದುವೆಯಾಗುವ ತನಕ ಅತ್ತೆ ಇದ್ದದ್ದು ಅಲ್ಲೇ. ಆಮೇಲೆ ಒಂದು ಸಲವೂ ಹೋಗಿಲ್ಲ.

"ನನ್ಗೆ ಮರೆವು ಅಂತೀರಲ್ಲ ಎಲ್ಲಾರೂ, ಕರ್ಕೊಂಡು ಹೋಗು" ಎಂದರು ನನಗೆ. "ಹನ್ನೊಂದನೇ ನಂಬರ್ ಮನೆ. ಕಣ್ಣು ಕಟ್ಟಿ ಬಿಟ್ರೂ ಹೋಗ್ತೀನಿ. ಯಾರನ್ನೂ ಕೇಳಲ್ಲ, ನೀನೂ ಬಾಯಿ ಬಿಡಬಾರ್ದು. ನಾನಾಗೇ ಕಂಡುಹಿಡಿದ್ರೆ ಅಡುಪು ನನ್ದು. ಏನಂತೀ?"

"ಆಯ್ತು ಅತ್ತೆ" ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಅರವತ್ತು ವರ್ಷದ ಹಿಂದೆ ಬಿಟ್ಟ ಮನೆ ನೆನಪಿರುವುದಕ್ಕೂ ಇವತ್ತು ಅಡುಪು, ಅಂದರೆ ಒಲೆ, ಆರಿಸುವುದಕ್ಕೂ ಏನು ಸಂಬಂಧ? ನನ್ನ ಎಂಟನೇ ಕ್ಲಾಸಿನ ಹುಡುಗಿಯರು ಇಂಥ ತರ್ಕ ತಂದಿದ್ದರೆ ನಾನೇ ನಕ್ಕು ಕೂರಿಸುತ್ತಿದ್ದೆ. ಆದರೆ ಅವರ ಬಳೆ ನೋಡಿಕೊಂಡು ಇಲ್ಲ ಅನ್ನಲು ನನ್ನ ಕೈಯಲ್ಲಾಗಲಿಲ್ಲ.

ಭಾನುವಾರ ನಮ್ಮವರು ತರಕಾರಿ ಚೀಲ ಹಿಡಿದು ಕೋಯಂಬೇಡು ಮಾರ್ಕೆಟ್ಟಿಗೆ ಹೊರಟ ಮೇಲೆ ನಾವಿಬ್ಬರೂ ಆಟೋ ಹತ್ತಿದೆವು. ಕಾಲೊನಿಯ ಗೇಟು ದಾಟಿ ಹತ್ತು ಹೆಜ್ಜೆ ಹೋಗುವುದರಲ್ಲಿ ಹೊರಗಿನ ರಸ್ತೆಯ ಹಾರ್ನು ಕೇಳಿಸದಾಯಿತು. ಮಳೆಮರಗಳು, ಬೇವು, ಹೊಂಗೆ. ಚೆನ್ನೈಯಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಇಷ್ಟು ನೆರಳು ನಾನು ಯಾವತ್ತೂ ಕಂಡಿರಲಿಲ್ಲ. ನೆಲದ ತುಂಬ ಎಲೆ ಉದುರಿತ್ತು, ಯಾರೂ ಗುಡಿಸಿರಲಿಲ್ಲ. ಗುಡಿಸದಿರುವುದೂ ಒಂದು ಕಲೆಯೋ ಏನೋ ಎಂದುಕೊಂಡೆ.

ಮನೆಗಳು ಎಲ್ಲವೂ ಒಂದೇ ಅಚ್ಚು. ಅದೇ ಹೆಂಚು, ಅದೇ ಉದ್ದನೆಯ ವೆರಾಂಡ, ಅದೇ ಪಟ್ಟಿಪಟ್ಟಿ ಮರದ ಕಿಟಕಿ. ಒಂದು ಕಾಂಪೌಂಡಿನುದ್ದಕ್ಕೂ ಮೀನು ಮಾರುವ ಹೆಂಗಸಿನ ಮುಖ ಬರೆದಿದ್ದರು. ಅದೊಂದೇ ನನಗೆ ಗುರುತಾಗಿ ಉಳಿದದ್ದು. ಎಡಕ್ಕೆ ಹೋಗಿ, ಬಲಕ್ಕೆ ತಿರುಗಿ, ಮತ್ತೆ ಎಡಕ್ಕೆ ಹೋದರೆ ಆ ಹೆಂಗಸೇ ನಮ್ಮನ್ನು ನೋಡುತ್ತಾ ಇರುತ್ತಿದ್ದಳು. ಹೀಗೆ ಮೂರು ಸಲವಾಯಿತು.

ನಂಬರುಗಳು ನನ್ನ ತಲೆಯನ್ನು ಪೂರ್ತಿ ಕೆಡಿಸಿದವು. ಈ ಊರಿನಲ್ಲಿ ಮನೆಗೆ ಹಳೆಯ ನಂಬರು ಒಂದು, ಹೊಸ ನಂಬರು ಒಂದು ಇರುತ್ತದೆ. ನಮ್ಮ ಮನೆಯ ವಿಳಾಸ ಬರೆಯುವಾಗಲೂ ಎರಡನ್ನೂ ಬರೆಯುತ್ತೇವೆ. ಅದು ನನಗೆ ರೂಢಿಯಾಗಿದೆ. ಇಲ್ಲಿ ಅವೆರಡರ ಜೊತೆಗೆ, ನೋಡಲು ಬಂದವರಿಗೆ ಅನುಕೂಲವಾಗಲಿ ಎಂದು ಪ್ರತಿ ಗೇಟಿನ ಮೇಲೂ ಹಳದಿ ಸುತ್ತಿನೊಳಗೆ ಮೂರನೆಯ ನಂಬರು ಬರೆದಿದ್ದರು. ಅಲ್ಲಿಗೆ ಆ ಕಾಲೊನಿಯಲ್ಲಿ ಹನ್ನೊಂದನೇ ನಂಬರಿನ ಮನೆಗಳು ಮೂರು. ಅತ್ತೆಯ ಕಾಲದ ನಂಬರು ಹಳೆಯದೋ, ಅದಕ್ಕಿಂತಲೂ ಹಳೆಯದೋ, ಯಾರಿಗೆ ಗೊತ್ತು?

ಮೊದಲು ಸಿಕ್ಕಿದ್ದು ಹೊಸ ನಂಬರಿನ ಹನ್ನೊಂದು. ಅತ್ತೆ ಗೇಟಿನಲ್ಲಿ ನಿಂತು, "ಇದಲ್ಲ" ಎಂದರು.

"ಯಾಕೆ ಅತ್ತೆ?"

"ಇದಲ್ಲ ಅಂದ್ರೆ ಇದಲ್ಲ."

ಇಷ್ಟು ಸುತ್ತಿದ್ದೇವೆ, ಸ್ವಲ್ಪ ಕೂರೋಣ ಎಂದು ಒಳಗೆ ಹೋದರೆ ಕೂರಲು ಏನೂ ಇರಲಿಲ್ಲ. ಸೂರಿನಿಂದ ನೆಲದವರೆಗೆ ನೂರಾರು ಕೆಂಪು ದಾರಗಳು ಇಳಿಬಿದ್ದಿದ್ದವು, ಜನ ಅವುಗಳ ನಡುವೆ ನುಸುಳುತ್ತಿದ್ದರು. ಗಡ್ಡದವನೊಬ್ಬ ಬಂದು, ಒಳಗೆ ಹೋದಾಗ ಏನನ್ನಿಸಿತು ಎಂದು ತಮಿಳಿನಲ್ಲಿ ಕೇಳಿದ. ಸೊಂಟ ಹಿಡಿದುಕೊಂಡಿತು ಎನ್ನಬೇಕೆಂದಿದ್ದೆ. ಚೆನ್ನಾಗಿದೆ ಎಂದು ಹೇಳಿ ಹೊರಗೆ ಬಂದೆ.

ಅಲ್ಲಿಂದ ಮುಂದೆ ಅತ್ತೆಯ ನಡಿಗೆ ನಿಧಾನವಾಯಿತು. "ಇಲ್ಲೊಂದು ಬಾವಿ ಇತ್ತು" ಎಂದರು. ಬಾವಿ ಇರಲಿಲ್ಲ. "ಇಲ್ಲಿ ಒಳದಾರಿ ಇತ್ತು, ಸ್ಕೂಲಿಗೆ ಹೀಗೇ ಹೋಗ್ತಿದ್ವಿ" ಎಂದರು. ಗೋಡೆ ಇತ್ತು. ಬಾವಿಯನ್ನು ಮುಚ್ಚಿದ್ದಾರೋ, ಬಾವಿ ಬೇರೆಲ್ಲೋ ಇತ್ತೋ, ಬಾವಿಯೇ ಇರಲಿಲ್ಲವೋ? ಊರು ಮರೆತಿದೆಯೋ, ಅತ್ತೆ ಮರೆತಿದ್ದಾರೋ? ಇದನ್ನು ತೀರ್ಮಾನಿಸಬಲ್ಲ ಒಬ್ಬ ಮನುಷ್ಯನೂ ಅಲ್ಲಿರಲಿಲ್ಲ. ಇಂಥ ಪಂಥಕ್ಕೆ ಒಪ್ಪಿಕೊಂಡ ನನ್ನ ಬುದ್ಧಿಗಿಷ್ಟು ಎಂದು ನನ್ನನ್ನೇ ಬೈದುಕೊಂಡೆ.

ಕಾವಲಿನವನೊಬ್ಬ ನಮ್ಮ ಸುತ್ತಾಟ ನೋಡಿ, "ಎಂದ ವೀಡು ಮಾ?" ಎಂದು ವಿಚಾರಿಸಿದ. ಯಾವ ಮನೆ ಅಂತ ಅವನಿಗೆ ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಅತ್ತೆ, "ಒಣ್ಣುಂ ಇಲ್ಲಪ್ಪಾ, ಸುಮ್ಮಾ ಪಾಕ್ಕರೋಂ" ಎಂದು, ನಾವು ಸುಮ್ಮನೆ ನೋಡಲು ಬಂದವರು ಎಂಬಂತೆ ತಲೆಯೆತ್ತಿ ನಡೆದರು.

ಎರಡನೆಯ ಹನ್ನೊಂದು, ಅಂದರೆ ಹಳೆಯ ನಂಬರಿನದು, ನನ್ನ ಕಣ್ಣಿಗೆ ಮೊದಲು ಬಿತ್ತು. ಗೇಟಿಗೆ ಬೀಗ. ಕಿಟಕಿಗಳಿಗೆ ಹಲಗೆ ಹೊಡೆದಿದ್ದರು, ವೆರಾಂಡದಲ್ಲಿ ಚಿತ್ರದ ಖಾಲಿ ಚೌಕಟ್ಟುಗಳನ್ನು ಒಟ್ಟಿದ್ದರು. ಇದೇ ಇರಬೇಕು ಎಂದು ನನಗೆ ಬಲವಾಗಿ ಅನ್ನಿಸಿತು. ನಾನು ನಿಂತೆ. ಅತ್ತೆ ಅತ್ತ ಮುಖವೂ ತಿರುಗಿಸದೆ ಅದನ್ನು ದಾಟಿ ಹೋದರು. ಬಾಯಿ ಬಿಡಬಾರದು ಎಂಬ ಕರಾರು ನೆನಪಾಗಿ ನಾನು ಸುಮ್ಮನೆ ಹಿಂದೆ ಹೋದೆ.

ಸ್ವಲ್ಪ ದೂರದಲ್ಲಿ ಅತ್ತೆ ತಟ್ಟನೆ ನಿಂತರು. "ನೋಡು! ನೋಡೇ!" ಎಂದು ನನ್ನ ಕೈ ಹಿಡಿದೆಳೆದರು. ಆ ಮನೆಯ ಅಂಗಳದಲ್ಲಿ ಒಂದು ತುಳಸಿಕಟ್ಟೆ ಇತ್ತು. ಎದೆಯೆತ್ತರದ ನಾಲ್ಕು ಮೂಲೆಯ ಬೃಂದಾವನ, ದೀಪದ ಗೂಡು, ಸುತ್ತ ಕೆಂಪು ಬಿಳಿ ಪಟ್ಟೆ. ಗೇಟಿನ ಹಳದಿ ಸುತ್ತಿನಲ್ಲಿ ಹನ್ನೊಂದು ಎಂದೂ ಇತ್ತು. "ನಮ್ಮನೇದೇ! ಇಡೀ ಕಾಲೊನೀಲಿ ನಮ್ಮ ತರ ಮಡಿಯೋರು ಇನ್ಯಾರಿದ್ರು?" ಎಂದವರೇ ಗೇಟಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ನುಗ್ಗಿದರು.

ಕಟ್ಟೆಯಲ್ಲಿದ್ದದ್ದು ಒಣಗಿದ ತುಳಸಿಯ ಕಡ್ಡಿ. ಅತ್ತೆಗೆ ಎಲ್ಲಿತ್ತೋ ಸಿಟ್ಟು. "ತುಳಸಿಗೆ ನೀರು ಹಾಕ್ದೆ ಒಣಗಿಸಿದಾರಲ್ಲೇ, ಏನು ಜನ ಇವರು!" ಎಂದು ಮಡಿ ಮೈಲಿಗೆ ಯಾವುದನ್ನೂ ನೋಡದೆ ನನ್ನ ಚೀಲದ ಬಾಟಲಿ ಕಿತ್ತುಕೊಂಡು ಬುಡಕ್ಕೆ ಸುರಿದರು. ದೀಪದ ಗೂಡಿನಲ್ಲಿ ಯಾರೋ ಬರೆದ ಚೀಟಿಗಳನ್ನು ತುರುಕಿದ್ದರು. ಅವನ್ನೆಲ್ಲ ಕಸವೆಂದು ಕಿತ್ತು ನನ್ನ ಕೈಗೆ ಕೊಟ್ಟರು. ಸೆರಗು ಹೊದ್ದು, ಕೈಮುಗಿದು, ಬಾಯಲ್ಲಿ ಸ್ತೋತ್ರ ಹೇಳಿಕೊಳ್ಳುತ್ತಾ ಪ್ರದಕ್ಷಿಣೆ ಶುರು ಮಾಡಿದರು.

ನೋಡುನೋಡುತ್ತಾ ಹತ್ತು ಹನ್ನೆರಡು ಜನ ಸೇರಿದರು. ಅತ್ತೆಯ ಚಪ್ಪಲಿ ನೋಡಿ ತಾವೂ ಚಪ್ಪಲಿ ಬಿಟ್ಟರು. ಫೋನು ಎತ್ತಿ ವಿಡಿಯೋ ತೆಗೆದರು. ಒಂಬತ್ತು ಗಜದ ಸೀರೆಯ ಮುದುಕಿ ಆ ದಿನದ ಕಾರ್ಯಕ್ರಮದಲ್ಲಿ ಒಂದು ಎಂದೇ ಅವರು ತಿಳಿದಿರಬೇಕು. ಮೂರನೇ ಸುತ್ತು ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ಗಾಬರಿಯಾಗಿ ನನ್ನ ಕಡೆ ನೋಡಿ, "ಯಾಕೆ ಕೈ ತಟ್ತಾರೆ ಇವ್ರು? ಮಂಗಳಾರತಿ ಎಲ್ಲಾಗ್ತಿದೆ?" ಎಂದರು. ನನಗೆ ನಗು ಬಂತು, ಜೊತೆಗೆ ಅಳುವೂ ಬಂತು.

ಅಷ್ಟರಲ್ಲಿ ಒಳಗಿನಿಂದ ಆ ಮನೆಯ ಕಲಾವಿದೆ ಬಂದಳು. ಮೂವತ್ತರ ಆಸುಪಾಸಿನವಳು, ಅಂಗಿಯ ತುಂಬ ಬಣ್ಣ. ನಾನು ಚೀಟಿಗಳನ್ನು ಅವಳ ಕೈಗಿಟ್ಟು, ನನ್ನ ಹರಕು ತಮಿಳಿನಲ್ಲಿ ಕ್ಷಮೆ ಕೇಳಿ, ಇವರು ಸಣ್ಣವರಿದ್ದಾಗ ಇದೇ ಮನೆಯಲ್ಲಿದ್ದರು, ಇದು ಅವರ ಮನೆಯ ಕಟ್ಟೆ ಎಂದೆ. ಅವಳ ಮುಖ ಅರಳಿತು, ಮರುಕ್ಷಣವೇ ಪೆಚ್ಚಾಯಿತು. ಧ್ವನಿ ತಗ್ಗಿಸಿ ಹೇಳಿದಳು: ಈ ಕಟ್ಟೆಯನ್ನು ಮೂರು ತಿಂಗಳ ಹಿಂದೆ ಮಾಡಿದ್ದು ಅವಳೇ. ಒಳಗೆ ಥರ್ಮೋಕೋಲು, ಮೇಲೆ ಪ್ಲಾಸ್ಟರು. ಜನ ಬಿಟ್ಟುಹೋದ ಮನೆಗಳ ಬಗ್ಗೆ ಅವಳ ಕೆಲಸವಂತೆ, ಅದಕ್ಕೇ ತುಳಸಿಯನ್ನು ಬೇಕೆಂದೇ ಒಣಗಿಸಿಟ್ಟದ್ದಂತೆ. ಅವಳು ಬಂದಾಗ ಅಂಗಳದಲ್ಲಿ ಒಂದು ಕಾರ್ ಶೆಡ್ಡು ಬಿಟ್ಟು ಬೇರೇನೂ ಇರಲಿಲ್ಲವಂತೆ.

"ಪಾಟಿಗೆ, ಅಜ್ಜಿಗೆ ಹೇಳಲೇ?" ಎಂದು ಅತ್ತೆಯತ್ತ ನೋಡುತ್ತಾ ಕೇಳಿದಳು.

ಅತ್ತೆ ನಾಲ್ಕನೇ ಸುತ್ತಿನಲ್ಲಿದ್ದರು. ನೀರು ಬಿದ್ದ ಕಡೆ ಪ್ಲಾಸ್ಟರು ಮೆತ್ತಗಾಗಿ ಒಂದು ಮೂಲೆ ಕುಸಿಯುತ್ತಿತ್ತು. "ವೇಂಡಾಂ ಮಾ, ಹೇಳಬೇಡ" ಎಂದೆ. ಕೆಡಿಸಿದ್ದಕ್ಕೆ ಏನು ಮಾಡಲಿ ಎಂದು ಕೇಳಿದರೆ ಅವಳು ತಲೆಯಾಡಿಸಿ, ಹೀಗೇ ಇರಲಿ, ನೀರು ಬಿದ್ದ ಹಾಗೇ ಇರಲಿ ಎಂದಳು. ಒಳ್ಳೆಯ ಹುಡುಗಿ.

ಅತ್ತೆ ಬಂದು ನನ್ನ ಎದುರು ನಿಂತರು. ಹಣೆ ಬೆವೆತಿತ್ತು. "ಗೆದ್ನೋ ಇಲ್ವೋ?"

"ಗೆದ್ರಿ ಅತ್ತೆ" ಎಂದೆ, ಖಾಲಿ ಬಾಟಲಿಯ ಮುಚ್ಚಳ ತಿರುಗಿಸುತ್ತಾ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಸರಿ, ಹೋಗೋಣ" ಎಂದರು. ಆಟೋದಲ್ಲಿ ಕಣ್ಣು ಮುಚ್ಚಿ ಕೂತರು. ಆಯಾಸವಾಗಿದೆ ಎಂದುಕೊಂಡೆ.

ಮಧ್ಯಾಹ್ನ ನಮ್ಮವರಿಗೆ ಹೇಳಿದೆ. ಯಾರನ್ನೂ ಕೇಳಲಿಲ್ಲ, ನೇರವಾಗಿ ಹೋಗಿ ನಿಂತರು, ಕಟ್ಟೆಯೂ ಹಾಗೇ ಇದೆ ಎಂದೆ. ನಾನು ಪಕ್ಕದಲ್ಲಿ ನಿಲ್ಲುತ್ತೇನೆ, ಅಡುಗೆ ಅವರೇ ಮಾಡಲಿ ರೀ ಎಂದೆ. "ಅಪ್ಪಡಿಯಾ, ಹೌದಾ?" ಎಂದು ಅವರು ಚೀಲದ ಬದನೆಕಾಯಿಗಳನ್ನು ಒಂದೊಂದಾಗಿ ತೆಗೆದಿಟ್ಟರು. ಕೊನೆಗೆ, "ನೀನು ಹೇಳ್ತೀಯ ಅಂದ್ರೆ ಸರಿ" ಎಂದರು. ಗೆದ್ದೆವೆಂಬ ಸಂತೋಷ ನನಗೆ ಐದು ನಿಮಿಷವೂ ನಿಲ್ಲಲಿಲ್ಲ. ಡಾಕ್ಟರು ಹೇಳಿದ್ದು ನಿಜವೆಂಬ ಪುರಾವೆಯನ್ನು ನನ್ನ ಕಣ್ಣಾರೆ ಕಂಡು ಬಂದು, ಅದನ್ನೇ ಮುಚ್ಚಿಟ್ಟು ಅವರ ಕೈಗೆ ಬೆಂಕಿ ಕೊಡುತ್ತಿದ್ದೆ. ನಾಳೆ ಏನಾದರೂ ಆದರೆ? ಕೊಡದೆ ಹೋದರೆ, ಅವಲಕ್ಕಿಯಲ್ಲಿ ಅವರು ಎಷ್ಟು ದಿನ ಉಳಿದಾರು? ಬೀಗ ಹಾಕಿದ ಆ ಹನ್ನೊಂದರ ಮುಂದೆ ನಾನು ಅವರ ಸೆರಗು ಹಿಡಿದು ನಿಲ್ಲಿಸಬೇಕಿತ್ತೋ ಏನೋ. ಯಾವ ಕಡೆಯಿಂದ ಯೋಚಿಸಿದರೂ ನಾನೇ ತಪ್ಪಿತಸ್ಥೆ.

ಸೋಮವಾರ ಬೆಳಗ್ಗೆ ಆರಕ್ಕೆ ಎದ್ದು ಬಂದರೆ ಅತ್ತೆ ಮಡಿಯುಟ್ಟು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದರು. ಒಳಗೆ ಕಾಲಿಟ್ಟಿರಲಿಲ್ಲ.

"ಅದು ನಮ್ಮ ಮನೆ ಅಲ್ಲ, ಅಲ್ವಾ?" ಎಂದರು.

ನಾನು ಕೆದರಿದ ಕೂದಲನ್ನು ಗಂಟು ಹಾಕಿಕೊಂಡೆ.

"ನಿನ್ನೆ ನಿನ್ನ ಮುಖ ನೋಡ್ದಾಗ್ಲೇ ತಿಳೀತು. ಸುಳ್ಳು ಹೇಳುವಾಗ ನೀನು ಕೆಳಗೆ ನೋಡ್ತೀ. ಮದ್ವೆ ಆದ ಹೊಸತ್ರಲ್ಲಿ ನನ್ನ ಸಾರು ಚೆನ್ನಾಗಿದೆ ಅನ್ನುವಾಗ್ಲೂ ಹಾಗೇ ನೋಡ್ತಿದ್ದೆ."

"ಹಾಗಾದ್ರೆ ನಿಮ್ಗೆ ನಿಮ್ಮ ಮನೆ ಯಾವ್ದು ಅಂತ ಗೊತ್ತಿತ್ತಾ ಅತ್ತೆ?"

"ಇಲ್ಲ ಕಣೆ. ಸುತ್ತಮಾ, ಒಂದ್ಚೂರೂ ಗೊತ್ತಾಗ್ಲಿಲ್ಲ. ಗೇಟು ದಾಟಿದಾಗ್ಲೇ ಎಲ್ಲಾ ಮನೆ ಒಂದೇ ತರ ಕಂಡ್ತು. ಎಲ್ಲಿ ನಿಂತಿದೀನಿ ಅಂತಾನೂ ತಿಳೀಲಿಲ್ಲ. ತುಳಸಿ ಕಂಡ್ತು, ಅದನ್ನೇ ಹಿಡ್ಕೊಂಡೆ. ನಮ್ಮನೇಲಿ ಕಟ್ಟೆ ಇತ್ತೋ, ಬರೀ ಕುಂಡ ಇತ್ತೋ, ಅದೂ ಈಗ ನೆನಪಿಲ್ಲ."

ನಿನ್ನೆ ಇಡೀ ದಿನ ಇದನ್ನು ಒಬ್ಬರೇ ಇಟ್ಟುಕೊಂಡಿದ್ದರಲ್ಲ ಎಂದು ನನಗೆ ತಡೆಯಲಾರದಷ್ಟು ದುಃಖವಾಯಿತು. ಜೊತೆಗೆ ಗೊಂದಲವೂ ಆಯಿತು. ಬೆಳೆದ ಮನೆಯ ಗುರುತು ಹಿಡಿಯಲಾಗದವರು ನನ್ನ ಮುಖದ ಸುಳ್ಳನ್ನು ಹಿಡಿದಿದ್ದರು, ಮೂವತ್ತು ವರ್ಷದ ಹಿಂದಿನ ಸಾರನ್ನೂ ಮರೆತಿರಲಿಲ್ಲ. ಇದಕ್ಕೆ ಮರೆವು ಎನ್ನಬೇಕೋ ಏನೆನ್ನಬೇಕೋ?

"ಅಲ್ಲಿ ಇನ್ನೊಂದು ಹನ್ನೊಂದು ಇದೆ ಅತ್ತೆ, ಬೀಗ ಹಾಕಿದ್ದು. ನಾನು ನೋಡಿದೀನಿ. ಮತ್ತೆ ಹೋಗೋಣ" ಎಂದೆ.

"ಪೋದುಂ, ಸಾಕು. ಹೋದ್ರೂ ನನ್ಗೆ ಗೊತ್ತಾಗಲ್ಲ. ನಾನು ಸೋತೆ, ಅಡುಪು ನಿನ್ದು. ಹೋಗು, ತಲೆ ಮೇಲೆ ನೀರು ಹಾಕ್ಕೊಂಡು ಬಾ. ನನ್ನ ಇನ್ನೊಂದು ಮಡಿಸೀರೆ ಗಳದ ಮೇಲಿದೆ, ಅದನ್ನೇ ಉಟ್ಕೋ. ಫೋನ್ ಮುಟ್ಬೇಡ."

ಮೂವತ್ತು ವರ್ಷ ನಾನು ಆ ಸೀರೆಯ ನೆರಳು ತಾಗದಂತೆ 'ಬಗ್ಗಿ ಹೋಗು' ಎಂದು ಹೇಳಿಸಿಕೊಂಡವಳು. ಸ್ನಾನ ಮಾಡಿ, ಕೋಲಿನಿಂದ ಅದನ್ನು ಗಳದಿಂದ ಇಳಿಸಿ, ಹೇಗೋ ಸುತ್ತಿಕೊಂಡು ಬಂದೆ. ಕಚ್ಚೆ ನನಗೆ ಬರುವುದಿಲ್ಲ. ಅತ್ತೆ ಒಂದು ಮಾತೂ ಹಂಗಿಸದೆ ಸರಿಮಾಡಿದರು. ನನಗೆ ಅದೇ ಸಹಿಸಲಾಗಲಿಲ್ಲ. "ಅಡುಪು ನನಗೊಬ್ಬಳಿಗೇ ಬೇಡ ಅತ್ತೆ. ನೀವು ಮಾಡಿ, ನಾನಿಲ್ಲೇ ಪಕ್ಕದಲ್ಲಿ ನಿಲ್ತೀನಿ" ಎಂದೆ. ಅವರು ಹೊಸ್ತಿಲು ದಾಟಿ ಒಳಗೆ ಹೋಗಿ ಲೈಟರು ಕೈಗೆತ್ತಿಕೊಂಡರು.

ಕೈ ಒಂದು ಸಲವೂ ತಪ್ಪಲಿಲ್ಲ. ಅಕ್ಕಿ ತೊಳೆದರು, ನೀರನ್ನು ಬೆರಳಿನಲ್ಲಿ ಅಳೆದರು, ತೊವ್ವೆಗೆ ಇಂಗು ಹಾಕಿದರು. ಅನ್ನದ ತಪ್ಪಲೆ ಇಳಿಸಿ, ನಾಬ್ ತಿರುಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡರು. ಹೊರಟವರು ನಿಂತರು. ನನ್ನ ಕಡೆ ತಿರುಗಿ, "ಆರಿಸಿದೀನಾ, ನೋಡು" ಎಂದರು.

ಇಷ್ಟು ವರ್ಷದಲ್ಲಿ ಅಡುಗೆಮನೆಯ ಯಾವ ವಿಷಯಕ್ಕೂ ಅವರು ನನ್ನನ್ನು ನೋಡು ಎಂದವರಲ್ಲ. ಬಗ್ಗಿ ನೋಡಿದೆ. ಆರಿಸುವ ಕಡೆ ತಿರುಗಿಸುವ ಬದಲು ಇನ್ನೊಂದು ಕಡೆ ತಿರುಗಿಸಿದ್ದರು. ಸಿಮ್‌ನಲ್ಲಿ ಸಣ್ಣ ನೀಲಿ ಉರಿ ಸದ್ದಿಲ್ಲದೆ ಉರಿಯುತ್ತಿತ್ತು. ಅವರಿಗೆ ಕಾಣದ ಹಾಗೆ ಕೈ ಚಾಚಿ ಆರಿಸಿ, ಆರಿದೆ ಎಂದುಬಿಡಬಹುದಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಆರಿಲ್ಲ ಅತ್ತೆ" ಎಂದೆ.

ಅವರು ವಾಪಸ್ಸು ಬಂದು ನಾಬನ್ನು ಆರಿಸುವ ಕಡೆಗೆ ಪೂರ್ತಿ ತಿರುಗಿಸಿದರು. "ಈಗ?"

"ಈಗ ಆರಿದೆ."

"ಸರಿ. ದಿನಾ ಹೀಗೇ ಹೇಳು" ಎಂದು ಮಗನನ್ನು ಪೂಜೆಗೆ ಕೂಗಿ ಕರೆದರು. ಅವತ್ತು ನೈವೇದ್ಯವಾದ ಮೇಲೆ ಅತ್ತೆ ಎರಡು ಸಲ ಅನ್ನ ಹಾಕಿಸಿಕೊಂಡರು.